ಹೆಂಚು ಒಡೆದು ಬಂದ ಗಗನಕೇಸರಿಗೆ ಹುಳುಮನೆಯಿಂದ ಒಂದು ಬಿನ್ನಹ

ಹೋಳೂರು, ಕೋಲಾರ ತಾಲ್ಲೂಕು
ಮಂಗಳವಾರ, ೭ ಫೆಬ್ರವರಿ ೧೯೮೪

ಗಗನಸಂಚಾರಿಗಳೂ, ದುಷ್ಟಸಂಹಾರಕರೂ, ಈ ಜಿಲ್ಲೆಯ ಹೆಂಗಸರ ಪಾಲಿಗೆ ಕರೆಯದೆಯೇ ಬಂದು ಬೀಳುವ ಆಪದ್ಬಾಂಧವರೂ ಆದ ಶ್ರೀ ಗಗನಕೇಸರಿಯವರ ಸನ್ನಿಧಾನಕ್ಕೆ ಹೋಳೂರಿನಲ್ಲಿ ರೇಷ್ಮೆ ಹುಳು ಸಾಕುವ ಗಂಗರತ್ನಮ್ಮ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ನಾವೆಲ್ಲರೂ ಇಲ್ಲಿ ಕ್ಷೇಮ, ತಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಎಂದು ಶುರುಮಾಡುವುದು ನಮ್ಮ ಕಡೆಯ ವಾಡಿಕೆ. ಆದರೆ ನಮ್ಮ ಹುಳುಮನೆಯ ಮೇಲೆ ಹೆಂಚಿಲ್ಲ, ತಟ್ಟೆಗಳಲ್ಲಿ ಹುಳುವಿಲ್ಲ, ಹಿತ್ತಲಿನ ರಾಗಿ ಹಗೇವಿನೊಳಗೆ ಮೈಸುಟ್ಟ ಒಬ್ಬ ಮುದುಕರು ಹನ್ನೆರಡು ದಿನದಿಂದ ಪ್ರಾಣ ಹಿಡಿದುಕೊಂಡು ಮಲಗಿದ್ದಾರೆ. ಆದ್ದರಿಂದ ವಾಡಿಕೆಯನ್ನು ಈ ಸಲಕ್ಕೆ ಕೈಬಿಟ್ಟಿದ್ದೇನೆ, ಮನ್ನಿಸಬೇಕು. ತಾವು ಕ್ಷೇಮವಾಗಿರುವುದನ್ನು ಜಿಲ್ಲೆಯ ಪತ್ರಿಕೆಯಲ್ಲಿ ಫೋಟೋ ಸಮೇತ ನೋಡಿದ್ದೇವೆ. ಕೈಯಲ್ಲಿ ಬೂದಿಯ ಸೀಸೆ ಹಿಡಿದು, ಕೊರಳಲ್ಲಿ ಹಾರ ಹಾಕಿಕೊಂಡು ನಿಂತ ತಮ್ಮ ಭಂಗಿ ಬಹಳ ಚೆನ್ನಾಗಿತ್ತು.

ಆ ಫೋಟೋದ ಕೆಳಗೆ ತಾವು ಆಡಿದ ಮಾತೂ ಅಚ್ಚಾಗಿದೆ. "ಹೋಳೂರಿನ ಗಂಡು ರಕ್ತಪಿಶಾಚಿಯನ್ನು ಬೂದಿ ಮಾಡಿದ್ದೇನೆ, ಹೆಣ್ಣು ಪಿಶಾಚಿ ಹಗೇವಿನಲ್ಲಿ ಅಡಗಿರುವ ಸುದ್ದಿ ಬಂದಿದೆ, ಬರುವ ಭಾನುವಾರ ಹೋಗಿ ಅದನ್ನೂ ಮುಗಿಸುತ್ತೇನೆ" ಎಂದು ಹೇಳಿದ್ದೀರಿ. ಆ ಭಾನುವಾರ ತಾವು ದಯವಿಟ್ಟು ಬರಬಾರದು ಎಂದು ಕೇಳಿಕೊಳ್ಳುವುದೇ ಈ ಪತ್ರದ ಉದ್ದೇಶ. ತಮ್ಮ ವಿಳಾಸಕ್ಕಾಗಿ ಹೋಳೂರಿನ ಅಂಚೆಯವರನ್ನು ಕೇಳಿದೆ. ಆಕಾಶಕ್ಕೆ ಪಿನ್ ಕೋಡ್ ಇನ್ನೂ ಬಂದಿಲ್ಲವಂತೆ. ಹಾಗಾಗಿ ಬಹಿರಂಗವಾಗಿ ಬರೆಯಬೇಕಾಯಿತು.

ತಾವು ಲೋಕ ಸುತ್ತಿದವರು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಬೆಂಕಿ ಆರಿಸಿದಿರಿ, ಮುಳಬಾಗಿಲಿನ ಗುಡ್ಡದಿಂದ ಉರುಳಿದ ಬಂಡೆಯನ್ನು ಎದೆಕೊಟ್ಟು ನಿಲ್ಲಿಸಿದಿರಿ, ಎಲ್ಲಾ ಓದಿದ್ದೇನೆ. ಆದರೆ ಯಾರೂ ತಮ್ಮನ್ನು ಒಂದು ಹುಳುಮನೆಯ ಬಾಗಿಲಲ್ಲಿ ನಿಲ್ಲಿಸಿ ನಾಲ್ಕು ಮಾತು ಹೇಳಿಕೊಟ್ಟಂತೆ ಕಾಣುವುದಿಲ್ಲ. ಅದನ್ನು ಈಗ ನಾನು ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಹುಳು ಎಂಬುದು ಹಸುಗೂಸಿಗಿಂತ ನಾಜೂಕು. ಅದು ಇರುವ ಮನೆ ಕತ್ತಲಾಗಿರಬೇಕು, ಬೆಚ್ಚಗಿರಬೇಕು. ಹೊರಗಿನವರು, ಒಡಹುಟ್ಟಿದವರೇ ಆಗಲಿ, ಹೊಸ್ತಿಲಾಚೆ ನಿಂತು, ಮನೆಯವರು "ಬನ್ನಿ" ಎಂದ ಮೇಲೆ ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಒಳಗೆ ಬರಬೇಕು. ಹುಳುವಿಗೆ ಘಾಟು ಆಗುವುದಿಲ್ಲವಾದ್ದರಿಂದ ಮೊಟ್ಟೆ ಒಡೆದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಸಿಡಿಯುವುದಿಲ್ಲ, ಬೀಡಿ ಹೊಗೆಯಾಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೂರು ನಾಲ್ಕು ವರ್ಷದ ಹಿಂದೆ ಬಂಗಾಳದ ಕಡೆಯಿಂದ ಊಜಿ ನೊಣ ಎಂಬ ಮಾರಿ ಬಂದು ಹುಳುವಿನ ಬೆನ್ನ ಮೇಲೆ ಮೊಟ್ಟೆಯಿಟ್ಟು ಒಳಗಿಂದಲೇ ತಿಂದುಹಾಕಲು ಶುರುಮಾಡಿದ ಮೇಲೆ, ಹಾರುವ ಯಾವ ಪ್ರಾಣಿಯನ್ನೂ ನಾವು ಹುಳುಮನೆಗೆ ಸೇರಿಸುವುದಿಲ್ಲ. ಈ ನಿಯಮ ಮಾಡುವಾಗ ತಮ್ಮಂಥ ಗಾತ್ರದವರ ಕಲ್ಪನೆ ನಮಗಿರಲಿಲ್ಲ.

ಇನ್ನು ತಾವು ಪಿಶಾಚಿ ಎಂದು ಕರೆದವರ ವಿಚಾರ. ಅವರಿಗೆ ಊರವರು ದೊರೆ ಎನ್ನುತ್ತಾರೆ, ಅವರ ಹೆಂಡತಿಗೆ ದೊರೆಸಾನಿ. ಯಾವುದೋ ಹಿಮ ಬೀಳುವ ದೇಶದಿಂದ ಬಿಳಿಯರ ಕಾಲದಲ್ಲಿ ಬಂದು, ಬಿಸಿಲೇ ಇಲ್ಲದ ಜಾಗ ಎಂದು ಕೋಲಾರದ ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸಕ್ಕೆ ಸೇರಿ, ಅಲ್ಲೇ ಎಪ್ಪತ್ತು ವರ್ಷ ಕಳೆದವರು. ಬೇರೆ ಬಿಳಿಯರೆಲ್ಲ ಹಡಗು ಹತ್ತಿದರೂ ಇವರು ಹತ್ತಲಿಲ್ಲ, ಹಡಗಿನ ಮೇಲೆ ಬಿಸಿಲು ಜಾಸ್ತಿ ಎಂದು. ಎರಡು ವರ್ಷದ ಹಿಂದೆ ಒಂದು ಸಂಜೆ ನಮ್ಮ ಹುಳುಮನೆಯ ಹೊಸ್ತಿಲಾಚೆ ಇಬ್ಬರೂ ಬಂದು ನಿಂತರು. ಕರೆಯದೆ ಒಳಗೆ ಕಾಲಿಡುವುದು ಅವರ ಜಾತಿಯಲ್ಲಿ ಇಲ್ಲವಂತೆ. ಮೊದಲ ದಿನ ನಾವು ಕರೆಯಲಿಲ್ಲ, ಹೊರಟುಹೋದರು. ಎರಡನೇ ದಿನವೂ ಬಂದು ನಿಂತು ಹೋದರು. ಮೂರನೇ ಸಂಜೆ ನನ್ನ ಅತ್ತೆ ಮುನಿಯಲ್ಲಮ್ಮನವರಿಗೆ ತಡೆಯಲಾಗಲಿಲ್ಲ. ಎಪ್ಪತ್ತೆರಡು ವರ್ಷದ ನನ್ನ ಅತ್ತೆಗೆ ಕೋಪವಾಗಲಿ ಕನಿಕರವಾಗಲಿ ಬರುವುದು ಹೆಚ್ಚಾಗಿ ತೆಲುಗಿನಲ್ಲೇ. "ಪಾಪಂ, ಮೂಡು ದಿನಾಲು ನಿಲ್ಚುನ್ನಾರು. ರಾವಯ್ಯಾ, ಲೋಪಲಿಕಿ ರಾ" ಎಂದು, ಪಾಪ ಮೂರು ದಿನದಿಂದ ನಿಂತಿದ್ದಾರೆ, ಬಾರಯ್ಯಾ, ಒಳಗೆ ಬಾ ಎಂದು ಕೈಬೀಸಿ ಕರೆದರು. ಗಣಿಯಲ್ಲಿ ತೆಲುಗು ಕಲಿತಿದ್ದ ದೊರೆ ಟೋಪಿ ತೆಗೆದು ಬಗ್ಗಿ ನಮಸ್ಕರಿಸಿ, ಕಾಲು ತೊಳೆದುಕೊಂಡು, ಸುಣ್ಣ ತುಳಿದು ಬಂದರು. ಇಂಥ ಮರ್ಯಾದೆಯ ಮನುಷ್ಯರನ್ನು ನಾನು ಮನುಷ್ಯರಲ್ಲೂ ಕಂಡಿಲ್ಲ.

ಅಂದಿನಿಂದ ಅವರು ನಮ್ಮ ಹಿತ್ತಲಿನ ಹಗೇವಿನಲ್ಲಿದ್ದಾರೆ. ಹಗೇವು ಎಂದರೆ ರಾಗಿ ತುಂಬಿಡುವ ನೆಲದಡಿಯ ಗುಳಿ. ಅದಕ್ಕೆ ದಿಢೀರನೆ ಇಳಿದವರು ಉಸಿರುಗಟ್ಟಿ ಸತ್ತದ್ದುಂಟು, ಆದರೆ ದೊರೆಗಾಗಲಿ ದೊರೆಸಾನಿಗಾಗಲಿ ಉಸಿರಾಡುವ ಅಭ್ಯಾಸವೇ ಇಲ್ಲದ್ದರಿಂದ ತೊಂದರೆಯಾಗಲಿಲ್ಲ. ಹಗಲು ಅಲ್ಲಿ ನಿದ್ದೆ, ರಾತ್ರಿ ಹುಳುವಿಗೆ ಸೊಪ್ಪು ಹಾಕುವ ಕೆಲಸ. ಹುಳು ಸಾಕುವ ಹೆಂಗಸಿಗೆ ರಾತ್ರಿ ನಿದ್ದೆ ಎಂದರೇನೆಂದು ಗೊತ್ತಿರುವುದಿಲ್ಲ, ಸ್ವಾಮಿ; ಮದುವೆಯಾಗಿ ಹದಿನೇಳು ವರ್ಷಕ್ಕೆ ನಾನು ಬೆಳಗಿನವರೆಗೆ ಮಲಗಿದ್ದು ಆ ಮೊದಲ ರಾತ್ರಿ. ದೊರೆಗೆ ಬಾವಲಿಯಾಗಿ ಹಾರುವ ವಿದ್ಯೆ ಇದೆ. ಹಿತ್ತಲಿನಲ್ಲಿ ಸುತ್ತು ಹೊಡೆದು ಊಜಿ ನೊಣವನ್ನು ಹುಡುಕಿ ಹುಡುಕಿ ನುಂಗುತ್ತಿದ್ದರು. ಆದರೆ ಹಾರುವುದು ಹುಳುಮನೆಗೆ ಬರಬಾರದು ಎಂದು ನಾನು ಒಮ್ಮೆ ಹೇಳಿದ್ದೇ ಸಾಕಾಯಿತು, ಹೊಸ್ತಿಲ ಬಳಿ ಇಳಿದು, ಮನುಷ್ಯರಾಗಿ, ನಡೆದೇ ಒಳಗೆ ಬರುತ್ತಿದ್ದರು. ಹಾರಲು ಬಂದರೂ ಹಾರದೆ ಇರುವುದು ಒಂದು ದೊಡ್ಡ ಗುಣ ಎಂದು ನನಗನ್ನಿಸುತ್ತದೆ. ತಮ್ಮ ಅಭಿಪ್ರಾಯ ಬೇರೆ ಇರಬಹುದು.

ರಕ್ತ ಕುಡಿಯುವುದಿಲ್ಲವೇ ಎಂದು ಕೇಳುತ್ತೀರಿ. ಕುಡಿಯುತ್ತಾರೆ. ವಾರಕ್ಕೊಂದು ತಂಬಿಗೆ, ಕುರಿ ಕಡಿಯುವವರ ಹತ್ತಿರ ಕೇಳಿ ತರಿಸಿದ್ದು. ಇದನ್ನು ಕಂಡು ಪಕ್ಕದ ಮನೆಯವರು ಮೂಗು ಮುರಿದಾಗ ನನ್ನ ಅತ್ತೆ ಹೇಳಿದ ಮಾತನ್ನು ತಮ್ಮ ಅವಗಾಹನೆಗೆ ತರುತ್ತೇನೆ: "ನಾವು ಈರುಳ್ಳಿ ಹಾಕಿ ಹುರ್ಕೊಂಡು ತಿಂತೀವಿ, ಅವ್ರು ಹಸೀದೇ ಕುಡೀತಾರೆ, ಅಷ್ಟೇ ಕಣೇ ವ್ಯತ್ಯಾಸ. ಅದ್ಕೇನು ಊರು ಮುಳುಗಿಹೋಯ್ತಾ?" ಎರಡು ವರ್ಷದಲ್ಲಿ ಹೋಳೂರಿನ ಒಬ್ಬ ಮನುಷ್ಯನ ಮೈಗೂ ಅವರ ಹಲ್ಲು ತಾಗಿಲ್ಲ. ಸಂಜೆಯಾದರೆ ಅತ್ತೆಯೇ ದೊರೆಸಾನಿಯ ತಲೆಬಾಚಿ ಹೂ ಮುಡಿಸುತ್ತಾರೆ, ಪಾಪ, ಅವರ ಮುಖ ಕನ್ನಡಿಯಲ್ಲಿ ಕಾಣುವುದಿಲ್ಲವಲ್ಲ.

ಪಕ್ಕದ ಮನೆಯವರು ಎಂದೆನಲ್ಲ, ಅವರ ಹೆಸರು ಮುನಿಶಾಮಿ. ತಮಗೆ ಅರ್ಜಿ ಕೊಟ್ಟ ಪುಣ್ಯಾತ್ಮರು ಅವರೇ. ಕಳೆದ ಬೆಳೆಯಲ್ಲಿ ಅವರ ಹುಳು ಹಾಲುರೋಗ ಬಂದು ಕೊಳೆತುಹೋಯಿತು, ನಮ್ಮ ಗೂಡು ಕೋಲಾರದ ಮಾರುಕಟ್ಟೆಯಲ್ಲಿ ಎಲ್ಲರಿಗಿಂತ ಮೇಲೆನಿಸಿಕೊಂಡಿತು. ಅದಕ್ಕೆ ಹೊಟ್ಟೆಕಿಚ್ಚು ಎಂಬ ಔಷಧಿಯಿಲ್ಲದ ರೋಗ ಅವರಿಗೆ ಹತ್ತಿಕೊಂಡಿತು. ತಟ್ಟೆ ಚೆನ್ನಾಗಿ ತೊಳೆಯಪ್ಪಾ ಎಂದು ದೊರೆಯೇ ಅವರಿಗೆ ಬುದ್ಧಿ ಹೇಳಿದ್ದರು. ತಟ್ಟೆ ತೊಳೆಯುವುದಕ್ಕಿಂತ ಅರ್ಜಿ ಬರೆಯುವುದು ಸುಲಭ ಎಂದು ಅವರಿಗೆ ತೋರಿತು. ಗಣರಾಜ್ಯೋತ್ಸವದ ಬೆಳಿಗ್ಗೆ ಕೋಲಾರದ ಧ್ವಜವಂದನೆಗೆ ತಾವು ಅತಿಥಿಯಾಗಿ ಬಂದಿದ್ದಾಗ ಅವರು ತಮ್ಮ ಕೈಗೆ ಕಾಗದ ತುರುಕಿದರು. ತಾವು ಒಂದು ಮಾತು ವಿಚಾರಿಸದೆ, ಮಿಠಾಯಿ ಹಂಚುವುದು ಮುಗಿಯುವ ಮುಂಚೆಯೇ ಎದ್ದು ಹಾರಿದಿರಂತೆ. ಎಂಥಾ ಕರ್ತವ್ಯನಿಷ್ಠೆ! ತಾಲ್ಲೂಕು ಕಚೇರಿಗೆ ನಾವು ಕೊಟ್ಟ ಅರ್ಜಿಗಳು ವರ್ಷಗಟ್ಟಲೆ ಮಲಗಿರುತ್ತವೆ, ತಾವು ಒಂದು ಗಂಟೆಯಲ್ಲಿ ವಿಲೇವಾರಿ ಮಾಡಿದಿರಿ.

ಅಂದು ಗುರುವಾರ, ನಮ್ಮ ಹುಳು ಹಣ್ಣಾದ ದಿನ. ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ನಾಲ್ಕು ನಿದ್ದೆ, ಎದ್ದು, ಸೊಪ್ಪು ತಿನ್ನುವುದು ಬಿಟ್ಟು, ಮೈ ಚಿನ್ನದ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ನೂಲು ಬಿಡಲು ಜಾಗ ಹುಡುಕುವ ದಿನ. ತಿಂಗಳ ದುಡಿಮೆಯೆಲ್ಲ ಆ ಒಂದು ಹಗಲಿನ ಮೇಲೆ ನಿಂತಿರುತ್ತದೆ. ಒಂದೊಂದೇ ಹುಳುವನ್ನು ಕೈಯಲ್ಲಿ ಆರಿಸಿ ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು, ತಡವಾದರೆ ತಟ್ಟೆಯಲ್ಲೇ ನೂಲು ಉಗುಳಿ ಹಾಳಾಗುತ್ತವೆ. ಚಂದ್ರಿಕೆ ಸಾಲದೆ ನನ್ನ ಯಜಮಾನರು ಮಾಲೂರಿನ ಕಡೆ ಬಾಡಿಗೆ ಚಂದ್ರಿಕೆ ತರಲು ಗಾಡಿ ಕಟ್ಟಿಕೊಂಡು ಹೋಗಿದ್ದರು. ಕೈ ಸಾಲದೆಂದು ದೊರೆ ತಮ್ಮ ಹಗಲಿನ ನಿದ್ದೆ ಬಿಟ್ಟು, ಬೆಳಕು ಹರಿಯುವ ಮುಂಚೆಯೇ ಹುಳುಮನೆಯ ಕತ್ತಲೆಗೆ ಬಂದು ನಮ್ಮ ಜೊತೆ ಹುಳು ಆರಿಸುತ್ತಿದ್ದರು. ಹತ್ತು ಗಂಟೆಯ ಹೊತ್ತಿಗೆ ನಾಲ್ಕು ಚಂದ್ರಿಕೆ ತುಂಬಿದ್ದವು.

ಆಗ ತಾವು ಬಂದಿರಿ. ಬಾಗಿಲಿಗೆ ಅಗಣಿ ಹಾಕಿರಲಿಲ್ಲ, ಕಾಲು ತೊಳೆಯಲು ಚೆಂಬಿನಲ್ಲಿ ನೀರೂ ಇತ್ತು. ಆದರೆ ಬಾಗಿಲಿನಿಂದ ಬರುವುದು ಕಳ್ಳರ, ಪಿಶಾಚಿಗಳ ಪದ್ಧತಿಯೆಂದು ತಾವು ಮೇಲಿನಿಂದ, ಮಾಲೂರಿನ ಹೆಂಚು ಹೊದಿಸಿದ ಸೂರನ್ನು ಎದೆಯಿಂದ ಒಡೆದು ಇಳಿದಿರಿ. ಕೊರಳಲ್ಲಿ ಮೂರು ಸುತ್ತು ಬೆಳ್ಳುಳ್ಳಿ ಹಾರ, ಕೈಯಲ್ಲಿ ಹೊಗೆಯಾಡುವ ಬೆಳ್ಳುಳ್ಳಿಯ ಕುಂಡ, ಎದೆಯ ಮೇಲೆ ಸಿಂಹದ ಮುಖ. ಸಿಂಹವೆಂದು ಆಮೇಲೆ ಪತ್ರಿಕೆಯಿಂದ ತಿಳಿಯಿತು, ನಾವು ಬೆಕ್ಕು ಎಂದುಕೊಂಡಿದ್ದೆವು. ಬೆನ್ನಿನ ನೇರಳೆ ಶಲ್ಯದ ಗಾಳಿಗೆ ಇಪ್ಪತ್ತು ತಟ್ಟೆ ಹುಳು ನೆಲಕ್ಕೆ ಬಿದ್ದವು, ಅವುಗಳ ಮೇಲೆ ತಾವು ಎರಡೂ ಕಾಲು ಅಗಲಿಸಿ ನಿಂತು "ಹೆದರಬೇಡಿ, ನಾನು ಬಂದಿದ್ದೇನೆ" ಎಂದು ಅಭಯ ಕೊಟ್ಟಿರಿ. ನನ್ನ ಅತ್ತೆ "ಎವುರಯ್ಯಾ ನುವ್ವು? ಕಾಳ್ಳ ಕಿಂದ ಚೂಡು!" ಎಂದು ಅರಚಿದರು, ಯಾರು ನೀನು, ಕಾಲ ಕೆಳಗೆ ನೋಡು ಎಂದು ಅರ್ಥ. ತಮ್ಮನ್ನು ಹೊಗಳುತ್ತಿದ್ದಾರೆಂದು ತಿಳಿದು ತಾವು ಕೈಯೆತ್ತಿ ಆಶೀರ್ವಾದ ಮಾಡಿದಿರಿ. ತಮ್ಮ ಕಾಲಡಿ ಸತ್ತದ್ದು ನಾಲ್ಕು ಜ್ವರ ಗೆದ್ದು ಬಂದ ಜೀವಗಳು, ಮಹಾಶಯರೇ. ಮಳೆಗಾಲದ ಊಜಿ ನೊಣವೂ ಅಷ್ಟು ಅನಾಹುತ ಮಾಡಿರಲಿಲ್ಲ.

ಸೂರು ಒಡೆದ ಜಾಗದಿಂದ ಬಿಸಿಲು ಸುರಿಯಿತು. ದೊರೆಗೆ ಹಗೇವು ಹತ್ತು ಹೆಜ್ಜೆ ದೂರ. ಓಡಿದ್ದರೆ ಉಳಿಯುತ್ತಿದ್ದರು. ಬಿಸಿಲು ಬಿದ್ದರೆ ನೂಲುವ ಹುಳು ಕೆಟ್ಟುಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ಅವರು ಓಡಲಿಲ್ಲ. ಮೈಮೇಲಿನ ಕರಿಯ ಕೋಟು ಬಿಚ್ಚಿ ಚಂದ್ರಿಕೆಗಳ ಮೇಲೆ ಹರಡಿ, ಎರಡು ಮಾತ್ರ ಮುಚ್ಚಿದ್ದನ್ನು ಕಂಡು, ನಾವು ಎಲ್ಲವನ್ನೂ ನೆರಳಿಗೆ ಸರಿಸುವವರೆಗೆ ಉಳಿದೆರಡಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತರು. ಅವರ ಬೆನ್ನಿನಿಂದ ಹೊಗೆ ಏಳುವುದನ್ನು ನಾನು ಈ ಕಣ್ಣಿನಿಂದ ನೋಡಿದೆ. ನಾನೂ ಅತ್ತೆಯೂ ಗೋಣಿ ಸುತ್ತಿ ಎಳೆದುಕೊಂಡು ಹೋಗಿ ಹಗೇವಿಗೆ ಇಳಿಸುವ ಹೊತ್ತಿಗೆ ಮೈ ಮುಟ್ಟಿದರೆ ಚರ್ಮ ಕೈಗೆ ಬರುತ್ತಿತ್ತು. ನನಗೆ ಅಳು ಬಂತು, ಅಳುತ್ತಲೇ ತಮ್ಮನ್ನು ಬಾಯಿಗೆ ಬಂದಂತೆ ಬೈದೆ. ಆ ಬೈಗುಳಗಳನ್ನು ಇಲ್ಲಿ ಬರೆದರೆ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ.

ಅಷ್ಟು ಹೊತ್ತು ತಾವೇನು ಮಾಡುತ್ತಿದ್ದಿರಿ ಎಂದರೆ, ಹುಳುಮನೆ ಬೆಚ್ಚಗಿರಲೆಂದು ಇಟ್ಟಿದ್ದ ನಮ್ಮ ಇದ್ದಿಲೊಲೆಯನ್ನು ತಾವೇ ಒದ್ದು ಕೆಡವಿ, ಅದರ ಬೂದಿಯನ್ನು ಭಕ್ತಿಯಿಂದ ಸೀಸೆಗೆ ತುಂಬುತ್ತಿದ್ದಿರಿ. ಕೋಲಾರದಲ್ಲಿ ಜನ ಸಾಲುಗಟ್ಟಿ ನೋಡುತ್ತಿರುವ ಪಿಶಾಚಿಯ ಬೂದಿ ಅದೇ. ಪಾತ್ರೆ ತಿಕ್ಕಲು ಒಳ್ಳೆಯದು, ಬೇಕಾದರೆ ಇನ್ನೊಂದು ಮೊರ ಕಳಿಸುತ್ತೇನೆ. ಆಮೇಲೆ ತಾವು ಹಾರಲು ಹೋದಿರಿ, ಶಲ್ಯ ಸೂರಿನ ತೊಲೆಗೆ ಸಿಕ್ಕಿ ಹರಿಯಿತು, ಅದಿಲ್ಲದೆ ತಮಗೆ ಹಾರಲು ಬಾರದೆಂದು ಅಂದು ನಮಗೂ ಬಹುಶಃ ತಮಗೂ ತಿಳಿಯಿತು. ಶ್ರೀನಿವಾಸಪುರದಿಂದ ಬರುವ ಬಸ್ಸಿಗೆ ತಾವು ಬೆಳ್ಳುಳ್ಳಿ ಹಾರ ಹಾಕಿಕೊಂಡು ಕೈಯೊಡ್ಡಿ ನಿಂತಿದ್ದಿರೆಂದೂ, ಅದು ನಿಲ್ಲಲಿಲ್ಲವೆಂದೂ ಊರವರು ಹೇಳುತ್ತಾರೆ. ಪತ್ರಿಕೆಯಲ್ಲಿ ಈ ಭಾಗ ಬಂದಿಲ್ಲ.

ಇಷ್ಟಾದ ಮೇಲೆ ತಮ್ಮನ್ನು ಏನು ಬೇಡಿಕೊಳ್ಳಲಿ? ಅಸಾಧ್ಯವನ್ನು ಸಾಧಿಸುವುದೇ ತಮ್ಮ ಕಸುಬಾದ್ದರಿಂದ ಒಂದೆರಡು ಸಣ್ಣ ಕೆಲಸ ಹೇಳುತ್ತೇನೆ. ನಮ್ಮ ಸೂರಿನಿಂದ ಒಳಗೆ ಬಿದ್ದ ಬಿಸಿಲನ್ನು ದಯವಿಟ್ಟು ಹೆಕ್ಕಿ ಆಕಾಶಕ್ಕೆ ಹಿಂದಿರುಗಿಸಿ. ತಮ್ಮ ಪಾದಕ್ಕೆ ಸಿಕ್ಕಿದ ಹುಳುಗಳಿಗೆ ಒಂದೊಂದಾಗಿ ಹೆಸರು ಹಿಡಿದು ಕ್ಷಮೆ ಕೇಳಿ, ಹೆಸರುಗಳನ್ನು ನಾನು ಒದಗಿಸುತ್ತೇನೆ. ತಮ್ಮ ಬಾಯಿಂದ ಪತ್ರಿಕೆಯವರ ಮುಂದೆ ಅಷ್ಟು ಮಾತು ಬಂತಲ್ಲ, ಅದೇ ಬಾಯಿಂದ ಒಂದೇ ಒಂದು ಮಾರು ನೂಲು ಬರಲಿ, ತಮ್ಮನ್ನೂ ಒಂದು ಚಂದ್ರಿಕೆಯ ಮೇಲೆ ಬಿಟ್ಟು ಮೂರು ದಿನ ಕಾಯುತ್ತೇವೆ. ಇದಾವುದೂ ಆಗದಿದ್ದರೆ ಬರುವ ಭಾನುವಾರ ಮನೆಯಲ್ಲೇ ಕೂತು ಎಣ್ಣೆ ಸ್ನಾನ ಮಾಡಿಕೊಳ್ಳಿ. ಅದು ಲೋಕಕ್ಕೆ ತಾವು ಮಾಡುವ ದೊಡ್ಡ ಉಪಕಾರ.

ಒಂದು ಮಾತು ಮಾತ್ರ ಗಂಭೀರವಾಗಿ ಹೇಳುತ್ತೇನೆ. ಮೂರನೇ ದಿನಕ್ಕೆ ದೊರೆಯ ಮೈ ತಣ್ಣಗಾಗುತ್ತಾ ಬಂತು. ಮೊದಲೇ ತಣ್ಣಗಿನ ಮೈ ಅದು, ಅದು ಇನ್ನೂ ತಣ್ಣಗಾಯಿತು. ಕುರಿಯ ರಕ್ತ ಒಳಗೆ ಇಳಿಯಲಿಲ್ಲ. ಮನುಷ್ಯರ ರಕ್ತವಾದರೆ ಉಳಿದಾರು, ಆದರೆ ಕಚ್ಚಿಸಿಕೊಂಡವರು ನಮ್ಮಂತೆಯೇ ಆಗಿಬಿಡುತ್ತಾರೆ, ಅದು ಬೇಡವೇ ಬೇಡ ಎಂದು ದೊರೆಸಾನಿ ಕಣ್ಣೀರಿಟ್ಟರು. ದೊರೆ ಹಲ್ಲು ಬಿಗಿಹಿಡಿದು ಮುಖ ಆಚೆ ತಿರುಗಿಸಿಕೊಂಡರು. ನಾನು ಮುಂದಾದೆ. ಅತ್ತೆ ನನ್ನನ್ನು ಹಿಂದಕ್ಕೆ ನೂಕಿ, ಬಳೆ ಮೇಲೆ ಸರಿಸಿ, ಏಣಿಯಿಂದ ಹಗೇವಿಗೆ ಇಳಿದರು. "ಸುಮ್ನಿರೇ, ನಿಂಗೆ ಮಕ್ಳವೆ. ನಂದೇನು, ಬಾಯಲ್ಲಿ ಒಂದು ಹಲ್ಲಿಲ್ಲ, ಕಣ್ಣು ಕಾಣಲ್ಲ, ಇವತ್ತೋ ನಾಳೆಯೋ. ಹುಳಕ್ಕೆ ಅಡ್ಡ ನಿಂತೋರಿಗೆ ಒಂದು ಗುಕ್ಕು ಕೊಡದೆ ಇರಾಕಾಗುತ್ತಾ?" ಎಂದು ತಮ್ಮ ಮುಂಗೈಯನ್ನು ದೊರೆಯ ಬಾಯಿಗೆ ಒತ್ತಿ ಹಿಡಿದು, ಮಗುವಿಗೆ ಗುಟುಕು ಕುಡಿಸುವ ಹಾಗೆ ಮೂಗು ಮುಚ್ಚಿದರು. ಉಸಿರಾಡದವರಿಗೆ ಮೂಗು ಮುಚ್ಚಿ ಏನು ಪ್ರಯೋಜನ ಎಂದು ನಾನು ಕೇಳಲಿಲ್ಲ. ದೊರೆ ಕುಡಿದರು. ಈಗ ಕಣ್ಣು ಬಿಟ್ಟು, ಗೂಡು ಎಷ್ಟು ಬಂತು ಎಂದು ವಿಚಾರಿಸುವಷ್ಟಾಗಿದ್ದಾರೆ. ಅವರು ಕಾಪಾಡಿದ ನಾಲ್ಕು ಚಂದ್ರಿಕೆಯ ಗೂಡು ಬಿಡಿಸಿ ಹಗೇವಿನ ಬಾಯಲ್ಲಿ ತೋರಿಸಿದೆ, ನಕ್ಕರು. ಇನ್ನು ಹದಿನೈದು ದಿನ ಕತ್ತಲಲ್ಲಿ ಅಲುಗದೆ ಮಲಗಿದರೆ ಏಳುತ್ತಾರಂತೆ, ತಾವು ಭಾನುವಾರ ಹಗೇವಿನ ಕಲ್ಲು ಸರಿಸಿದರೆ ಏಳುವುದಿಲ್ಲ. ಇದನ್ನು ತಿಳಿದೂ ಬರುವಿರಾದರೆ, ರಕ್ತ ಕುಡಿಯುವವರು ಯಾರು ಎಂಬುದನ್ನು ಜಿಲ್ಲೆಯ ಜನ ತೀರ್ಮಾನಿಸಲಿ.

ಹೆಚ್ಚಿಗೆ ಬರೆಯಲು ಬಿಡುವಿಲ್ಲ, ದೀಪ ಹಚ್ಚುವ ಹೊತ್ತಾಯಿತು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು, ತಪ್ಪಿಲ್ಲದಿದ್ದರೂ ಹಾಕಿಕೊಳ್ಳಿ, ಅಷ್ಟು ದೊಡ್ಡ ಎದೆಯ ಕೆಳಗೆ ಹೊಟ್ಟೆಯೂ ದೊಡ್ಡದೇ ಇರಬೇಕು.

ತಮ್ಮ ಕಾಲಡಿಗೆ ಸಿಕ್ಕಿಯೂ ಉಳಿದಿರುವ
ತಮ್ಮ ವಿಶ್ವಾಸಿ,
ಗಂಗರತ್ನಮ್ಮ

ವಿ.ಸೂ.: ತೊಲೆಗೆ ಸಿಕ್ಕಿ ಉಳಿದ ತಮ್ಮ ಶಲ್ಯವನ್ನು ನನ್ನ ಅತ್ತೆ ಉಜ್ಜಿ, ಒಂದೆಳೆ ಸುಟ್ಟು, ಮೂಸಿ ನೋಡಿದರು. ರೇಷ್ಮೆಯಲ್ಲವಂತೆ, ಅಪ್ಪಟ ನೈಲಾನ್. ಮುಂದಿನ ಬೆಳೆಗೆ ಊಜಿ ನೊಣ ಬರದಂತೆ ಕಿಟಕಿಗೆ ಕಟ್ಟಿದ್ದೇವೆ. ಅಂದಹಾಗೆ, ಅತ್ತೆ ಈಗ ಕನ್ನಡಕವಿಲ್ಲದೆ ಕತ್ತಲಲ್ಲಿ ರಾಗಿಯೊಳಗಿನ ಕಲ್ಲು ಆರಿಸುತ್ತಾರೆ, ಹಗಲೆಲ್ಲ ಹಗೇವಿನಲ್ಲಿ ದೊರೆಸಾನಿಯ ಪಕ್ಕ ಮಲಗುತ್ತಾರೆ, ಬೋಳಾಗಿದ್ದ ಬಾಯಲ್ಲಿ ನಿನ್ನೆ ಎರಡು ಹೊಸ ಹಲ್ಲು ಮೊಳೆತಿವೆ. ಬಹಳ ಚೂಪು. ತಾವು ಮಾತು ತಪ್ಪದವರು, ಭಾನುವಾರ ಬಂದೇ ಬರುವುದಾದರೆ ಕತ್ತಲಾದ ಮೇಲೆ ಬನ್ನಿ, ಹಾರ ಕಳಚಿ, ಕಾಲು ತೊಳೆದು ಹೊಸ್ತಿಲಾಚೆ ನಿಲ್ಲಿ. ಈ ಸಲ ಅತ್ತೆ ಮೂರು ದಿನ ಕಾಯಿಸುವುದಿಲ್ಲವಂತೆ. ಹಗೇವಿನೊಳಗಿಂದ ಈಗಾಗಲೇ ಅಭ್ಯಾಸ ಮಾಡುತ್ತಿರುವುದು ನನಗೆ ಕೇಳಿಸುತ್ತಿದೆ: "ರಾವಯ್ಯಾ, ಲೋಪಲಿಕಿ ರಾ."